ಹಿತ್ತಲಿಗೆ ತಂದ ಫೈಬರ್ ತೊಟ್ಟಿ: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಡೋದು 5ಕ್ಕೆ 3.5 ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಒಂದು ಅಳಿಲಿನ ಲೆಕ್ಕಕ್ಕೆ, ಅರ್ಧ ಹೋಗಿದ್ದು ಬಣ್ಣದ ಲೆಕ್ಕಕ್ಕೆ.

ನಮ್ಮ ಮನೆ ಕಲಬುರಗಿಯಲ್ಲಿ, ಊರಿನ ಅಂಚಿನ ಒಂದು ಲೇಔಟ್‌ನಲ್ಲಿ. ಹಿತ್ತಲು ಅಂದರೆ 20 ಅಡಿಗೆ 30 ಅಡಿ ಜಾಗ. ಒಂದು ಬೇವಿನ ಮರ, ಒಂದು ನುಗ್ಗೆ, ಕರಿಬೇವು, ಅವ್ವ ನೆಟ್ಟ ದಾಸವಾಳ. ಕಾಂಪೌಂಡ್ ಆಚೆ ಇನ್ನೂ ಮನೆ ಏಳದ ಸೈಟುಗಳು, ಅದರಾಚೆ ತೊಗರಿ, ಜೋಳದ ಹೊಲ. ಹಕ್ಕಿಗಳಿಗೆ ಮೊದಲು ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತಿದ್ದೆವು. ಮಧ್ಯಾಹ್ನಕ್ಕೆ ಒಣಗಿಹೋಗುತ್ತಿತ್ತು. ಆಮೇಲೆ ಗೌಂಡಿ ಕರೆಸಿ ಸಿಮೆಂಟಿನ ಸಣ್ಣ ಹೊಂಡ ಕಟ್ಟಿಸಿದೆ. ಎರಡು ಮಳೆಗಾಲ ಬಾಳಲಿಲ್ಲ. ನಮ್ಮದು ಎರೆ ಮಣ್ಣು ಅಲ್ವಾ, ಮಳೆ ಬಂದರೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ, ಅದರ ಜೊತೆ ಸಿಮೆಂಟೂ ಬಿರುಕು ಬಿಟ್ಟಿತು, ಬೆಳಿಗ್ಗೆ ತುಂಬಿಸಿದ ನೀರು ಸಂಜೆಗೆ ದಾಸವಾಳದ ಬುಡದಲ್ಲಿ. ಅವ್ವನಿಗೆ ಮಾತ್ರ ಅದರಿಂದ ಲಾಭ ಆಯಿತು.

ಹಾಗಾಗಿ ಕಳೆದ ವರ್ಷ ಜನವರಿಯಲ್ಲಿ ನೀರಿನ ಟ್ಯಾಂಕ್ ಮಾರುವ ಒಂದು ಅಂಗಡಿಯಿಂದ ರೆಡಿಮೇಡ್ ಫೈಬರ್ ತೊಟ್ಟಿ ತಂದೆ. ಅಂಗಡಿ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. 5 ಅಡಿ ಉದ್ದ, ಮೂರೂವರೆ ಅಡಿ ಅಗಲ, ಒಂದೂವರೆ ಅಡಿ ಆಳ, ಮೊಟ್ಟೆ ಆಕಾರ. ಬೆಲೆ 8,500. ಚೌಕಾಸಿ ಮಾಡಿದ್ದಕ್ಕೆ ಟಂಟಂ ಬಾಡಿಗೆ ಅವರೇ ಕೊಟ್ಟರು. 500 ಲೀಟರ್ ಹಿಡಿಯುತ್ತೆ ಅಂದಿದ್ದರು. 20 ಲೀಟರ್ ಬಕೆಟ್‌ನಲ್ಲಿ ಎಣಿಸಿ ಹಾಕಿದೆ, 22 ಬಕೆಟ್‌ಗೆ ತುಂಬಿತು. ಅಂದರೆ 440. ಸುಮ್ನೆ ಜಗಳ ಯಾಕೆ ಅಂತ ಬಿಟ್ಟೆ.

ಟಂಟಂನಿಂದ ಇಳಿಸುವಾಗ ಪಕ್ಕದ ಮನೆಯ ಕಾಕಾ ಗೇಟಿಗೆ ಬಂದು ನಿಂತು, "ಏನ್ರಿ, ಎಮ್ಮಿ ಕಟ್ಟಾವ್ರ ಇದ್ದೀರೇನು?" ಅಂದರು. ಮೀನಿಗೆ ಅಂದೆ. ಅವರು ನಂಬಲಿಲ್ಲ, ಸಂಜೆ ಮತ್ತೆ ಬಂದು ಎಮ್ಮೆ ಹುಡುಕಿದರು.

ಕೂರಿಸೋದು ಕಷ್ಟ ಅಲ್ಲ, ಆದರೆ ಅಂಗಡಿಯವರು ಇದನ್ನು ಹೇಳಿಕೊಡೋದಿಲ್ಲ. ತೊಟ್ಟಿಗಿಂತ ಸುತ್ತ ಅರ್ಧ ಅಡಿ ಜಾಸ್ತಿ ಅಗೆಯಬೇಕು. ಕೆಳಗೆ ಮೂರು ಇಂಚು ಮರಳು. ಬದಿಗೆ ಅಗೆದ ಕರಿ ಮಣ್ಣನ್ನೇ ವಾಪಸ್ ತುಂಬಬೇಡಿ, ಅದು ಉಬ್ಬಿ ತೊಟ್ಟಿಯನ್ನು ಒತ್ತುತ್ತೆ. ಮೊರಂ, ಅಂದರೆ ಗರಸು ಮಣ್ಣು, ತುಂಬಿ. ಒಳಗೆ ನೀರು ಏರಿಸುತ್ತಾ ಹೊರಗೆ ಮೊರಂ ಏರಿಸುತ್ತಾ ಹೋದರೆ ಗೋಡೆ ಯಾವ ಕಡೆಗೂ ಬಾಗೋದಿಲ್ಲ. ಅಂಚು ನೆಲಕ್ಕಿಂತ ಎರಡು ಇಂಚು ಮೇಲಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಹಿತ್ತಲಿನ ರಾಡಿಯೆಲ್ಲ ಒಳಗೆ. ಇಷ್ಟು ಮಾಡಿದ್ದಕ್ಕೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಒಂದು ಗೆರೆ ಬಿರುಕಿಲ್ಲ, ಒಂದು ಹನಿ ಸೋರಿಲ್ಲ. ಮೂರೂವರೆ ಸ್ಟಾರ್ ಬಂದಿದ್ದು ಇದಕ್ಕೇ.

ಈಗ ಅಳಿಲಿನ ವಿಷಯ.

ತೊಟ್ಟಿಯ ಒಳಗೋಡೆ ನೆಟ್ಟಗೆ, ನುಣ್ಣಗೆ, ಕನ್ನಡಿ ಹಾಗೆ. ನೋಡೋಕೆ ಚಂದ. ತಂದ ಎರಡು ತಿಂಗಳಿಗೆ, ಕಳೆದ ಮಾರ್ಚ್‌ನಲ್ಲಿ, ಒಂದು ಬೆಳಿಗ್ಗೆ ಅವ್ವ ಕೂಗಿದರು. "ಇಣಚಿ ಬಿದ್ದು ಸತ್ತದ ನೋಡಪಾ." ರಾತ್ರಿ ಅಲ್ಲ, ಆಗತಾನೇ ನೀರು ಕುಡಿಯಲು ಬಂದು ಜಾರಿರಬೇಕು. ಅಂಚಿನಿಂದ ನೀರು ನಾಲ್ಕು ಇಂಚು ಕೆಳಗಿತ್ತು, ಅದಕ್ಕೆ ಹತ್ತಿ ಬರಲು ಉಗುರು ಹಿಡಿಯುವ ಜಾಗವೇ ಇರಲಿಲ್ಲ. ಅಳಿಲು ಈಜುತ್ತೆ, ಆದರೆ ಎಷ್ಟು ಹೊತ್ತು ಈಜೀತು? ಮಗಳು ಅವತ್ತು ಶಾಲೆಗೆ ಹೋಗಲಿಲ್ಲ. ಅಂಗಡಿಗೆ ಫೋನ್ ಮಾಡಿ, ಒಂದು ಕಡೆ ಇಳಿಜಾರು ಇರುವ ಮಾದರಿ ಇದೆಯಾ, ಬದಲಿಸಿ ಕೊಡುತ್ತೀರಾ ಅಂತ ಕೇಳಿದೆ. "ಅದು ಮೀನಿನ ತೊಟ್ಟಿ ಅದರಿ, ಇಣಚಿದಲ್ಲ" ಅಂತ ಉತ್ತರ ಬಂತು. ತಪ್ಪು ಮಾತೇನಲ್ಲ. ಆದರೂ ಹಿತ್ತಲಲ್ಲಿ ಬಯಲಿಗಿಡುವ ತೊಟ್ಟಿ ಮಾರುವವರು, ಅದಕ್ಕೆ ಮೀನು ಮಾತ್ರ ಬರುತ್ತೆ ಅಂತ ಹೇಗೆ ಅಂದುಕೊಳ್ಳುತ್ತಾರೆ?

ಪರಿಹಾರ ಮನೆಯಲ್ಲೇ ಇತ್ತು. ನೆಲಕ್ಕೆ ಹಾಕಿಸಿ ಉಳಿದ ಶಹಾಬಾದ್ ಪರಸಿ ಕಲ್ಲು, ಮೂರು ಅಡಿಯದ್ದು, ತಳದಿಂದ ಅಂಚಿನವರೆಗೆ ಓರೆಯಾಗಿ ನಿಲ್ಲಿಸಿದೆ. ಒರಟು ಮುಖ ಮೇಲೆ. ಪಾಲಿಶ್ ಮಾಡಿದ ಕಲ್ಲಾದರೆ ಪಾಚಿ ಕಟ್ಟಿ ಅದೂ ಜಾರುತ್ತೆ, ಆಗ ಗೋಣಿ ಚೀಲ ಸುತ್ತಿ. ಇನ್ನೊಂದು ತುದಿಗೆ ಇಟ್ಟಿಗೆ ಪೇರಿಸಿ, ಮೇಲೆ ಜಲ್ಲಿ ಹರಡಿ, ನೀರು ಬರೀ ಒಂದು ಇಂಚು ನಿಲ್ಲುವ ಹಾಗೆ ಮಾಡಿದೆ. ಖರ್ಚು ಸೊನ್ನೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಜೀವವೂ ಸತ್ತಿಲ್ಲ.

ಹಿತ್ತಲಿಗೆ ನೆಂಟರು ಬರಲು ಶುರುವಾಗಿದ್ದೇ ಆ ಕಲ್ಲು ಇಟ್ಟ ಮೇಲೆ. ಅದಕ್ಕೆ ಮೊದಲು ಹಕ್ಕಿಗಳು ಅಂಚಿಗೆ ಬಂದು ಕೂತು, ಆಳ ನೋಡಿ, ಹಾರಿಹೋಗುತ್ತಿದ್ದವು. ಒಂದೂವರೆ ಅಡಿ ನೀರು ನಮಗೆ ಮೊಣಕಾಲು, ಪಿಕಳಾರಕ್ಕೆ ಅದು ಸಮುದ್ರ. ಅವಕ್ಕೆ ಬೇಕಾದ್ದು ಕಾಲು ಮುಳುಗುವಷ್ಟು ನೀರು ಮಾತ್ರ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರಲ್ಲ, ನಮ್ಮ ಕಡೆ ಅದು ನಿಜ. ಆ ವಾರ ಬೇವು ಎಲೆ ಉದುರಿಸುತ್ತಿರುತ್ತೆ, ತೊಟ್ಟಿ ತುಂಬ ಹಳದಿ ಎಲೆ. ದಿನಾ ಸಂಜೆ ಜಾಲರಿಯಿಂದ ತೆಗೆಯಬೇಕು, ಕೊಳೆತರೆ ನೀರು ನಾರುತ್ತೆ. ಈ ಸಲ ಆ ಹೊತ್ತಿನಿಂದಲೇ ಜನಸಂದಣಿ. ಬೆಳಿಗ್ಗೆ 7ಕ್ಕೆ ಮೊದಲು ಬರೋದು ಹರಟೆಮಲ್ಲಗಳು, ಏಳೆಂಟರ ಗುಂಪು. ಒಂದು ಕಾವಲಿಗೆ ನುಗ್ಗೆ ಕೊಂಬೆ ಮೇಲೆ, ಉಳಿದವು ಪರಸಿ ಕಲ್ಲಿನ ಮೇಲೆ ಸಾಲಾಗಿ ಇಳಿದು, ಎದೆ ಮುಳುಗಿಸಿ, ರೆಕ್ಕೆ ಬಡಿದು, ಒಂದರ ಮೇಲೊಂದು ನೀರು ಚೆಲ್ಲಿಕೊಂಡು, ಬೈದಾಡಿಕೊಂಡು, ಹೊರಗೆ ಬಂದಾಗ ಒದ್ದೆ ಬಟ್ಟೆ ಹಿಂಡಿ ಎಸೆದ ಹಾಗೆ ಕಾಣುತ್ತವೆ. ಪಿಕಳಾರ ಜೋಡಿ ಅವು ಹೋಗುವವರೆಗೆ ದಾಸವಾಳದಲ್ಲಿ ಕಾಯುತ್ತೆ. ಸೂರಕ್ಕಿ ಮಾತ್ರ ನೀರಿಗೆ ಇಳಿಯೋದೇ ಇಲ್ಲ, ಪಂಪಿನ ಹನಿ ಬಿದ್ದ ನೈದಿಲೆ ಎಲೆ ಮೇಲೆ ಹೊರಳಾಡುತ್ತೆ. ಚಳಿಗಾಲದಲ್ಲಿ ಹಳದಿ ಎದೆಗೆ ನಡುವೆ ಒಂದು ಕಪ್ಪು ಗೆರೆ ಎಳೆದ ಹಾಗಿದ್ದ ಗಂಡು, ಈಗ ಪೂರ್ತಿ ಮಿರಿಮಿರಿ ಕಪ್ಪು ನೀಲಿ. ಹೊಲದ ಕಡೆ ಗುಲಾಬಿ ಕಬ್ಬಕ್ಕಿಗಳ ದಂಡು ಜೋಳದ ಮೇಲೆ ಇಳಿಯೋದು ಕಾಣುತ್ತೆ, ಆದರೆ ಒಂದೂ ನಮ್ಮ ತೊಟ್ಟಿಗೆ ಬಂದಿಲ್ಲ. ಬಂದರೆ ಜಾಗವೂ ಇಲ್ಲ ಬಿಡಿ.

ಬಿಸಿಲು ಏರಿದ ಮೇಲೆ ಜೇನ್ನೊಣಗಳ ಪಾಳಿ. ಗೂಡು ತಂಪಾಗಿಡಲು ಅವು ನೀರು ಹೊತ್ತುಕೊಂಡು ಹೋಗುತ್ತವೆ, ಹನಿ ಹರಡಿ ರೆಕ್ಕೆಯಿಂದ ಗಾಳಿ ಹಾಕುತ್ತವೆ, ನಮ್ಮ ಏರ್ ಕೂಲರ್ ಇದ್ದ ಹಾಗೇ. ಒದ್ದೆ ಜಲ್ಲಿ ಇದ್ದರೆ ಅಲ್ಲಿ ಕೂತು ಕುಡಿಯುತ್ತವೆ, ಇಲ್ಲದಿದ್ದರೆ ನೀರಿಗೆ ಬಿದ್ದು ಸಾಯುತ್ತವೆ. ಮುಂಗುಸಿ ಮಧ್ಯಾಹ್ನ ಯಾರೂ ಇಲ್ಲದಾಗ ಬರುತ್ತೆ. ಒಮ್ಮೆ ಕೇರೆ ಹಾವು ಬಂದು ಅಂಚಿನ ಸುತ್ತ ಒಂದು ಸುತ್ತು ಹಾಕಿತು. ಕಾಕಾ ಬಡಿಗೆ ತಂದರು. ಕೇರೆಗೆ ವಿಷ ಇಲ್ಲ, ಇಲಿ ತಿನ್ನುತ್ತೆ, ಬಿಡ್ರಿ ಅಂತ ಹೇಳಿ ಕಳಿಸೋಕೆ ಅರ್ಧ ಗಂಟೆ, ಒಂದು ಚಹಾ ಬೇಕಾಯಿತು.

ಇನ್ನು ಬಣ್ಣ. ಆಕಾಶ ನೀಲಿ, ಕಪ್ಪು ಎರಡೂ ಇದ್ದವು. ಮಗಳು ಕೇಳಿದಳು ಅಂತ ನೀಲಿ ತಂದೆ. ತರಬೇಡಿ. ಮೊದಲ ಮೂರು ವಾರ ನೀರು ಹಸಿರಾಗುತ್ತೆ, ನೀಲಿ ಗೋಡೆ ಮೇಲೆ ಅದು ಇನ್ನೂ ಹೊಲಸಾಗಿ ಕಾಣುತ್ತೆ. ಗಾಬರಿಯಾಗಿ ಎರಡು ಸಲ ಪೂರ್ತಿ ನೀರು ಬದಲಿಸಿದೆ, ಎರಡು ಸಲವೂ ಮತ್ತೆ ಹಸಿರು. ನೈದಿಲೆಯ ಎಲೆ ಬೆಳೆದು ಅರ್ಧ ನೀರಿಗೆ ನೆರಳಾದ ಮೇಲೆ ತಾನೇ ತಿಳಿಯಾಯಿತು. ಇನ್ನೊಂದು, ನೀಲಿ ತಳದ ಮೇಲೆ ಗಪ್ಪಿ ಮೀನು ಎದ್ದು ಕಾಣುತ್ತವೆ, ನಮಗೂ, ಮಿಂಚುಳ್ಳಿಗೂ. ಬಿಳಿ ಎದೆಯ ಮಿಂಚುಳ್ಳಿ ಒಂದು ದಿನಾ ವಿದ್ಯುತ್ ತಂತಿ ಮೇಲೆ ಕೂತು, ಹೋಟೆಲಿನ ಮೆನು ಓದಿದ ಹಾಗೆ ಕೆಳಗೆ ನೋಡುತ್ತೆ. ಕೊಳದ ಬಕವೂ ಕಲಿತಿದೆ. ಕೂತಾಗ ಮಣ್ಣಿನ ಬಣ್ಣ, ಅದು ಅಲ್ಲಿದೆ ಅಂತಲೇ ಗೊತ್ತಾಗೋದಿಲ್ಲ. ಹಾರಿದಾಗ ರೆಕ್ಕೆ ಅಚ್ಚ ಬಿಳಿ, ಆಗ ಮೀನು ಎಣಿಸಲು ಹೋಗಬೇಕು. ಐದು ವರ್ಷ ಬಣ್ಣ ಮಾಸಲ್ಲ ಅಂದಿದ್ದ ಅಂಗಡಿಯವರ ಮಾತು ಬಿಲ್ಲಿನಲ್ಲಿ ಇರಲಿಲ್ಲ. ಒಂದೇ ಬೇಸಿಗೆಗೆ ಅಂಚು ಮಾಸಿ, ಕೈ ಆಡಿಸಿದರೆ ಬಿಳಿ ಪುಡಿ ಹತ್ತುತ್ತೆ.

ಸೊಳ್ಳೆ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅಕ್ವೇರಿಯಂ ಅಂಗಡಿಯಿಂದ 20 ಗಪ್ಪಿ ತಂದು ಬಿಟ್ಟೆ, ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಿಡುವ ಮೀನುಗಳಲ್ಲಿ ಅದೂ ಒಂದು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು, ಗಪ್ಪಿ ಅಷ್ಟು ಪುರುಸೊತ್ತು ಕೊಡೋದಿಲ್ಲ. ಮಿಂಚುಳ್ಳಿಗೆ ಕೊಟ್ಟು ಉಳಿದರೂ ಈಗ ನೂರರ ಮೇಲಿವೆ. ಜಾಸ್ತಿಯಾದರೆ ಕೆರೆಗೆ, ಹಳ್ಳಕ್ಕೆ ಮಾತ್ರ ಬಿಡಬೇಡಿ, ಅಲ್ಲಿನ ಮೀನಿಗೆ ಅದು ಪೀಡೆ. ನಳದ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ಬಿಟ್ಟು ಮೀನು ಬಿಡಿ.

ಪಂಪ್ ಬೇರೆ ಕೊಂಡಿದ್ದು, 18 ವಾಟ್, 450 ರೂಪಾಯಿ. ದಿನಕ್ಕೆ ಆರು ಗಂಟೆ ಓಡಿಸಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. ನಮ್ಮ ಬೋರ್ ನೀರು ಗಡಸು, ಪಂಪಿನ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತೆ, ತಿಂಗಳಿಗೊಮ್ಮೆ ಲಿಂಬೆ ರಸದ ನೀರಲ್ಲಿ ನೆನೆಹಾಕುತ್ತೇನೆ. ಈಗಿನ ಬಿಸಿಲಿಗೆ ಎರಡು ದಿನಕ್ಕೊಂದು ಬಕೆಟ್ ನೀರು ಆವಿಯಾಗುತ್ತೆ, ಕಳೆದ ಮೇ ತಿಂಗಳಲ್ಲಿ ದಿನಕ್ಕೆ ಒಂದು ಹತ್ತಿರ ಹತ್ತಿರ. ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಅದಕ್ಕೇ ತಿಂಗಳಿಗೆ ಐದಾರು ಬಕೆಟ್ ತೆಗೆದು ಗಿಡಕ್ಕೆ ಹಾಕಿ ಹೊಸ ನೀರು ತುಂಬಬೇಕು. ಮೀನಿನ ನೀರು ಕುಡಿದ ಕರಿಬೇವು ಈಗ ನನ್ನೆತ್ತರ.

ತೊಟ್ಟಿಯ ಜೊತೆ ಅದೇ ಅಂಗಡಿಯವರು 300 ರೂಪಾಯಿಗೆ ಒಂದು "ತಾವರೆ" ಕೊಟ್ಟರು. ಎಲೆಯಲ್ಲಿ ಸೀಳು ಇತ್ತು, ನೀರಿಗೆ ಅಂಟಿಕೊಂಡು ತೇಲುತ್ತಿತ್ತು. ತಾವರೆ ಎಲೆ ದುಂಡಗೆ, ಸೀಳಿಲ್ಲದೆ, ದೊಡ್ಡದಾದ ಮೇಲೆ ನೀರಿನಿಂದ ಎದ್ದು ನಿಲ್ಲುತ್ತೆ. ಇದು ನೈದಿಲೆ. ಹೂ ಚೆನ್ನಾಗಿಯೇ ಬಿಡುತ್ತಿದೆ, ಹಾಗಾಗಿ ದೂರಿಲ್ಲ. ಮಂಗ್ಯಾಗಳು ಎರಡು ಸಲ ಕುಂಡದ ಸಮೇತ ಕಿತ್ತು ಕಾಂಪೌಂಡ್ ಮೇಲೆ ಇಟ್ಟು ಹೋಗಿವೆ.

ಮುಂದಿನ ವಾರ ಹೋಳಿ. ಕಳೆದ ವರ್ಷ ಓಣಿಯ ಹುಡುಗರು ಪಿಚಕಾರಿ ತುಂಬಿಕೊಳ್ಳಲು ನೇರ ಹಿತ್ತಲಿಗೇ ನುಗ್ಗಿದ್ದರು, ಒಬ್ಬ ಕೈಗೆ ಹತ್ತಿದ ಬಣ್ಣವನ್ನೂ ಅದರಲ್ಲೇ ತೊಳೆದ. ಈ ಸಲ ಹಿಂದಿನ ದಿನವೇ ಮೇಲೆ ತಾಡಪಾಲು ಕಟ್ಟಿ, ಗೇಟಿನ ಹತ್ತಿರ ಎರಡು ಬಕೆಟ್ ನೀರು ಬೇರೆ ಇಡುವವನಿದ್ದೇನೆ. ಹರಟೆಮಲ್ಲಗಳಿಗೆ ಒಂದು ದಿನ ಹಳೇ ಮಣ್ಣಿನ ತಟ್ಟೆಯೇ ಗತಿ.