ಸೋಡಿಯಂ ಸಲ್ಫೈಡ್ ಫ್ಲೇಕ್ಸ್, ಶೇ. 60: ಸೆರುಸೈಟ್‌ಗೆ ಸೈ, ಆಂಗ್ಲೆಸೈಟ್‌ಗೆ ಅಷ್ಟಕ್ಕಷ್ಟೆ

ಚರ್ಮ ಹದ ಮಾಡುವವರು ಕೂದಲು ತೆಗೆಯಲು ಬಳಸುವ ಫ್ಲೇಕ್ಸೇ ಇದು, ಸಾಮಾನ್ಯವಾಗಿ 25 ಕೆಜಿ ಚೀಲದಲ್ಲಿ ಬರುತ್ತದೆ. ಸೀಸದ ಅದಿರನ್ನು ಅರೆದು, ಬೇಕಾದ ಖನಿಜವನ್ನು ನೊರೆಯಲ್ಲಿ ತೇಲಿಸಿ ತೆಗೆಯುವ ಫ್ಲೋಟೇಶನ್‌ಗೂ ಸಾಕು. ಕಬ್ಬಿಣದ ಅಂಶ ಕಡಿಮೆಯೆಂದು ಮಾರುವ ದುಬಾರಿ ಗ್ರೇಡ್ ಬೇಕಿಲ್ಲ. ಇಲ್ಲಿ ದುಡಿಯುವುದು ಗಂಧಕ.

ಗ್ಯಾಲೆನಾ, ಅಂದರೆ ಸೀಸದ ಸಲ್ಫೈಡ್ ಖನಿಜ, ಕ್ಸಾಂಥೇಟ್ (ಖನಿಜದ ಮೈಗೆ ಅಂಟಿ ಅದನ್ನು ಗುಳ್ಳೆಗೆ ಹತ್ತಿಸುವ ಕಲೆಕ್ಟರ್) ಹಿಡಿದು ಸಲೀಸಾಗಿ ತೇಲುತ್ತದೆ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನ ಮೇಲ್ಪದರದಲ್ಲಿದ್ದಂಥ, ಗಾಳಿ ನೀರಿಗೆ ಸಿಕ್ಕ ಅದಿರಿನಲ್ಲಿ ಸೀಸ ಕಾರ್ಬೊನೇಟ್ ರೂಪದಲ್ಲಿ, ಅಂದರೆ ಸೆರುಸೈಟ್ ಆಗಿ ಇರುತ್ತದೆ. ಅದರ ಮೇಲೆ ಕೂರುವ ಕ್ಸಾಂಥೇಟ್ ಕಳಚಿ ಬೀಳುವುದರಿಂದ ಎಷ್ಟು ಸುರಿದರೂ ಸಾಲದು. ಸಲ್ಫೈಡ್ ಹಾಕಿದಾಗ ಹರಳಿನ ಮೈ ಮಾತ್ರ ಲೆಡ್ ಸಲ್ಫೈಡ್ ಆಗುತ್ತದೆ, ಒಡಲು ಹಾಗೇ ಉಳಿಯುತ್ತದೆ. ಬಿಳಿ ಸೆರುಸೈಟ್ ಚೂರಿಗೆ ಒಂದು ಹನಿ ದ್ರಾವಣ ಬಿಟ್ಟು ನೋಡಿ: ಮೊದಲು ಕಂದು, ಆಮೇಲೆ ಕಪ್ಪು.

ಈ ಫ್ಲೇಕ್ಸ್ ಅಂಕ ಕಳೆದುಕೊಳ್ಳುವುದು ಪ್ರಮಾಣ ತಪ್ಪಿದಾಗ. 100 ಗ್ರಾಂ ಫ್ಲೇಕ್ಸ್ ಕರಗಿಸಿ 1 ಲೀಟರ್ ದ್ರಾವಣ ಮಾಡಿಕೊಂಡರೆ, 1 ಕೆಜಿ ಅದಿರಿಗೆ 20 ಮಿಲಿ ಹಾಕುವುದೆಂದರೆ ಟನ್ನಿಗೆ 2 ಕೆಜಿ ಲೆಕ್ಕ. ಒಮ್ಮೆಲೇ ಸುರಿಯಬೇಡಿ: 8, 6, 6 ಮಿಲಿಯಂತೆ ಹಾಕಿ, ಪ್ರತಿ ಸಲ ಒಂದೆರಡು ನಿಮಿಷ ಕಲಕಿ, ಅಮೈಲ್ ಕ್ಸಾಂಥೇಟ್ ಕೊಟ್ಟು ನೊರೆ ತೆಗೆಯಿರಿ. ಗ್ಯಾಲೆನಾ ಇದ್ದರೆ ಸಲ್ಫೈಡ್‌ಗೆ ಮುಂಚೆಯೇ ಅದನ್ನು ತೇಲಿಸಿಬಿಡಿ. ಸಲ್ಫೈಡ್ ಹೆಚ್ಚಾದರೆ ಗ್ಯಾಲೆನಾವನ್ನೂ ಮುಳುಗಿಸುತ್ತದೆ, ಏಕೆಂದರೆ ಉಳಿದ ಅಯಾನುಗಳು ಕ್ಸಾಂಥೇಟ್ ಕೂರಬೇಕಾದ ಜಾಗ ಹಿಡಿದುಕೊಳ್ಳುತ್ತವೆ. ಆಗ ಸೀಸದ ಬಣ್ಣದ ನೊರೆ ಹೋಗಿ ಬರೀ ಬಿಳಿ ಗುಳ್ಳೆ ಉಳಿಯುತ್ತದೆ. ಗಾಬರಿಪಟ್ಟು ಇನ್ನಷ್ಟು ಕಲೆಕ್ಟರ್ ಹಾಕುವುದು ದಂಡ. ಸ್ವಲ್ಪ ಹೊತ್ತು ಗಾಳಿ ಬಿಡಿ, ಮಿಕ್ಕ ಸಲ್ಫೈಡ್ ಆಕ್ಸಿಡೀಕರಣಗೊಂಡು ತೇಲುವಿಕೆ ಮರಳುತ್ತದೆ. ಲೆಡ್ ಅಸಿಟೇಟ್ ಕಾಗದ ಅದ್ದಿದರೆ ಸಲ್ಫೈಡ್ ಉಳಿದಿದೆಯೋ ಇಲ್ಲವೋ ತಿಳಿಯುತ್ತದೆ: ಉಳಿದಿದ್ದರೆ ಕಾಗದ ಕಪ್ಪಾಗುತ್ತದೆ. ಸ್ಥಾವರದಲ್ಲಾದರೆ ಸಲ್ಫೈಡ್ ಎಲೆಕ್ಟ್ರೋಡ್ ಕೂರಿಸಿ, ಅದು ತೋರಿಸುವ ಮಿಲಿವೋಲ್ಟ್ ನೋಡಿಕೊಂಡು ಹಾಕುವುದೇ ಲೇಸು. ಹಾಗಂತ ಕಂಡೀಷನಿಂಗ್, ಅಂದರೆ ನೊರೆ ತೆಗೆಯುವ ಮುಂಚಿನ ಕಲಕುವಿಕೆ, ಎಳೆದಾಡಿದರೆ ಕಪ್ಪು ಪದರ ಉಜ್ಜಿಹೋಗುತ್ತದೆ.

ಸೆರುಸೈಟ್ ಮೆದು, ಪುಡಿಯಾಗುವ ಗುಣದ್ದು. ಅತಿಯಾಗಿ ಅರೆದರೆ ಸ್ಲೈಮ್, ಅಂದರೆ ನುಣ್ಣನೆಯ ಕೆಸರು ಆಗಿ ಸಲ್ಫೈಡ್ ನುಂಗುತ್ತದೆ. ಮಣ್ಣು ಜಾಸ್ತಿ ಇದ್ದರೆ ಮೊದಲು ಸ್ಲೈಮ್ ತೆಗೆದು ಸೋಡಿಯಂ ಸಿಲಿಕೇಟ್ ಕೊಡಿ.

ಆಂಗ್ಲೆಸೈಟ್ ವಿಷಯಕ್ಕೆ ಐದರಲ್ಲಿ ಎರಡೇ ಅಂಕ. ಸೀಸದ ಈ ಸಲ್ಫೇಟ್ ಖನಿಜ ನೀರಿನಲ್ಲಿ ಕಾರ್ಬೊನೇಟ್‌ಗಿಂತ ಹೆಚ್ಚು ಕರಗುತ್ತದೆ, ಸಲ್ಫೈಡ್ ಜಾಸ್ತಿ ತಿನ್ನುತ್ತದೆ, ಪದರವೂ ಗಟ್ಟಿಯಾಗಿ ನಿಲ್ಲದು. ಸೆರುಸೈಟ್‌ಗೆ ಧೈರ್ಯವಾಗಿ ನಾಲ್ಕು.

ಪರ್ಯಾಯ ಶೇ. 70ರ ಸೋಡಿಯಂ ಹೈಡ್ರೋಸಲ್ಫೈಡ್. ದರ ಹೋಲಿಸುವಾಗ ಚೀಲದ ಬೆಲೆ ನೋಡಬೇಡಿ, ಗಂಧಕದ ಲೆಕ್ಕ ಹಾಕಿ: ಇದರಲ್ಲಿ ಶೇ. 40ರಷ್ಟು, ನಮ್ಮ ಫ್ಲೇಕ್ಸ್‌ನಲ್ಲಿ ಸುಮಾರು ಶೇ. 25. ಪಿಎಚ್ 10.5 ದಾಟಿ ಏರುತ್ತಿದ್ದರೆ ಅದೇ ವಾಸಿ, ಆದರೆ ಅದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬೇಗ ಹೊರಡುತ್ತದೆ.

ತೆರೆದ ಚೀಲ ತೇವ ಹೀರಿ ಗಟ್ಟಿಯಾಗುತ್ತದೆ, ದ್ರಾವಣ ಇಟ್ಟಷ್ಟೂ ಸತ್ತ್ವ ಕಳೆದುಕೊಳ್ಳುತ್ತದೆ. ದಿನದ್ದು ದಿನವೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಆಮ್ಲದ ಸಾಲಿನ ಹತ್ತಿರಕ್ಕೂ ಒಯ್ಯಬೇಡಿ, ಆಮ್ಲ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದರ ಕೊಳೆತ ಮೊಟ್ಟೆ ವಾಸನೆಯನ್ನೇ ಎಚ್ಚರಿಕೆ ಎಂದು ನಂಬಬೇಡಿ: 100 ಪಿಪಿಎಂ ಆಸುಪಾಸಿನಲ್ಲಿ ಮೂಗು ಮರಗಟ್ಟುತ್ತದೆ, ಅನಿಲ ಮಾತ್ರ ಅಲ್ಲೇ ಇರುತ್ತದೆ. ನೊರೆ ತೆಗೆಯುವ ಸೆಲ್ ಪಕ್ಕ ಅನಿಲದ ಮೀಟರ್ ಇಲ್ಲದೆ ನಿಲ್ಲಬೇಡಿ.