5x5 ಅಡಿ ಬಚ್ಚಲಿಗೆ ಅಲ್ಯೂಮಿನಿಯಂ ಪರದೆ ಟ್ರ್ಯಾಕ್: 4 ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಬಳಕೆ: 2021ರ ಮೇ ತಿಂಗಳಿಂದ, ಪೂರ್ತಿ 4 ಮಳೆಗಾಲ
ಜಾಗ: ಮುಂಬಯಿಯ ಮುಲುಂಡ್ ಪೂರ್ವ, ಹಳೆಯ ಕಟ್ಟಡದ 1 ಬಿಎಚ್‌ಕೆ. ಬಚ್ಚಲು 150x150 ಸೆಂ.ಮೀ., ಶೌಚಾಲಯ ಬೇರೆ
ವಸ್ತು: ಆನೋಡೈಸ್ ಮಾಡಿದ (ಮೇಲೆ ರಕ್ಷಣೆಯ ಪದರ ಬರಿಸಿದ) ಅಲ್ಯೂಮಿನಿಯಂ ಸಿ-ಚಾನೆಲ್, ‘ಎಲ್’ ಆಕಾರ, 85+85 ಸೆಂ.ಮೀ., ಒಳಗೆ ಓಡುವ ರನ್ನರ್‌ಗಳು

ಮುಂಬಯಿಯ ಸಣ್ಣ ಬಚ್ಚಲಿಗೆ ಪರದೆ ಬೇಕಾಗುವುದು ಅಂದಕ್ಕಲ್ಲ. ಸ್ನಾನ ಮಾಡುವ ಜಾಗದಲ್ಲೇ ವಾಷಿಂಗ್ ಮಷೀನ್ ಇರುತ್ತದೆ, ಅದರ ಪ್ಲಗ್ ಪಾಯಿಂಟ್ ಇರುತ್ತದೆ, ಬಾಗಿಲ ಹಿಂದೆ ಒಣ ಟವೆಲ್ ತೂಗುತ್ತಿರುತ್ತದೆ. ಗಾಜಿನ ಪಾರ್ಟಿಷನ್ ಹಾಕಿದರೆ ಬಾಗಿಲು ತೆರೆಯಲು, ಮಷೀನಿನ ಮುಚ್ಚಳ ಎತ್ತಲು ಜಾಗ ಉಳಿಯುವುದಿಲ್ಲ. ಪಕ್ಕಕ್ಕೆ ಸರಿಸಿಬಿಡಬಹುದಾದ್ದು ಪರದೆ ಒಂದೇ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಚಾನೆಲ್ ಚೆನ್ನಾಗಿದೆ, 4 ವರ್ಷಕ್ಕೂ ಮಸುಕಾಗಿಲ್ಲ. ಅದರ ಜೊತೆ ಪ್ಯಾಕೆಟ್ಟಿನಲ್ಲಿ ಬಂದ ರನ್ನರ್‌ಗಳು ಒಂದೇ ಮಳೆಗಾಲಕ್ಕೆ ಹಾಳು, ಸ್ಕ್ರೂಗಳು ಅದಕ್ಕಿಂತ ಮೊದಲೇ. ಇವೆರಡನ್ನೂ ಬದಲಿಸಿಕೊಳ್ಳುವುದಾದರೆ ಧೈರ್ಯವಾಗಿ ಹಾಕಿಸಬಹುದು. ಆದರೆ ಟ್ರ್ಯಾಕ್ ಎಷ್ಟೇ ಒಳ್ಳೆಯದಿರಲಿ, ತಪ್ಪು ಗೆರೆಯ ಮೇಲೆ ಕೂತರೆ ನೀರು ಹೊರಗೆ ಬಂದೇ ಬರುತ್ತದೆ. ಅಂಗಡಿಯವರೂ ಫಿಟ್ಟರ್‌ಗಳೂ ಈ ಮಾತು ಎತ್ತುವುದೇ ಇಲ್ಲ.

ಗೆರೆ ಹಾಕಬೇಕಾದ್ದು ಮೇಲಿನಿಂದಲ್ಲ, ನೆಲದಿಂದ. ಹೆಚ್ಚಿನ ಫಿಟ್ಟರ್‌ಗಳು ಏಣಿ ಹತ್ತಿ, ಗೋಡೆಯಿಂದ ಅಳೆದು, ಎರಡು ತೂತು ಕೊರೆದು ಇಳಿಯುತ್ತಾರೆ. ನಮ್ಮ ಬಚ್ಚಲುಗಳಲ್ಲಿ ಟಬ್ ಇಲ್ಲ, ಟ್ರೇ ಇಲ್ಲ. ನೀರನ್ನು ತಡೆಯುವುದು ನೆಲಕ್ಕೆ ಕೂರಿಸಿದ 5 ಸೆಂ.ಮೀ. ಎತ್ತರದ ಗ್ರಾನೈಟ್ ಅಥವಾ ಕಡಪಾ ಪಟ್ಟಿ. ಆ ಪಟ್ಟಿಯ ಒಳ ಅಂಚಿನಿಂದ ಇನ್ನೂ 3 ಸೆಂ.ಮೀ. ಒಳಕ್ಕೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿಂದ ತೂಗುಗುಂಡು ಹಿಡಿದು ಮೇಲಕ್ಕೆ ಗೆರೆ ಒಯ್ಯಬೇಕು. ಇಲ್ಲಿನ ಗಾರೆಯವರಿಗೆ ‘ಓಳಂಬಾ’ ಅಂದರೆ ತಕ್ಷಣ ಅರ್ಥವಾಗುತ್ತದೆ. ಹಳೆಯ ಗೋಡೆಗಳು ನೆಟ್ಟಗಿರುವುದಿಲ್ಲ. ಏಳು ಅಡಿ ಎತ್ತರಕ್ಕೆ ಗೋಡೆ ಸ್ವಲ್ಪ ವಾಲಿದ್ದರೂ ಮೇಲಿನಿಂದ ಅಳೆದು ಹಾಕಿದ ಪರದೆ ಪಟ್ಟಿಯ ಹೊರಗೆ ಬೀಳಬಹುದು, ಆಮೇಲೆ ಪ್ರತಿ ಸ್ನಾನಕ್ಕೂ ನೆಲ ಒರೆಸಬೇಕು. ಪಟ್ಟಿಯೇ ಇಲ್ಲದ ಬಚ್ಚಲಾದರೆ ಮೊದಲು ಒಂದು ಮಗ್ಗು ನೀರು ಸುರಿದು, ನಹಾಣಿ ಟ್ರ್ಯಾಪಿನ (ನೆಲದ ನೀರು ಹೋಗುವ ಜಾಲರಿ ಬಾಯಿಯ) ಕಡೆಗೆ ಇಳಿಜಾರು ಎಲ್ಲಿ ಶುರುವಾಗುತ್ತದೆ ನೋಡಿ. ಆ ಇಳಿಜಾರಿನ ಒಳಗೇ ಪರದೆ ಬೀಳಬೇಕು. ಇಳಿಜಾರು ಉಲ್ಟಾ ಇದ್ದರೆ ಪರದೆಗೆ ದುಡ್ಡು ಹಾಕಬೇಡಿ, ಮೊದಲು ಪಟ್ಟಿ ಕೂರಿಸಿ. ಪಟ್ಟಿಯನ್ನು ಟೈಲ್ ಅಂಟಿನಿಂದ ಮೇಲೆಯೇ ಕೂರಿಸಬೇಕು. ನೆಲ ಕೊರೆದರೆ ವಾಟರ್‌ಪ್ರೂಫಿಂಗ್ ಹರಿದು ಕೆಳಗಿನ ಮನೆಯ ಚಾವಣಿ ತೇವವಾಗುತ್ತದೆ, ಸೊಸೈಟಿಯಲ್ಲಿ ಜಗಳ ಶುರುವಾಗುತ್ತದೆ.

ಎತ್ತರದ ಲೆಕ್ಕ ಹೀಗೆ. ಇಲ್ಲಿ ಸುಲಭವಾಗಿ ಸಿಗುವ ಪರದೆ 54x84 ಇಂಚು, ಅಂದರೆ 137x213 ಸೆಂ.ಮೀ. ಅದರ ಕೆಳ ಅಂಚು ನೆಲದಿಂದ 2 ಸೆಂ.ಮೀ. ಮೇಲೆ ನಿಲ್ಲಬೇಕು. ಪಟ್ಟಿ 5 ಸೆಂ.ಮೀ. ಇರುವುದರಿಂದ ಅಂಚು ಪಟ್ಟಿಯ ಮೇಲ್ಮೈಗಿಂತ 3 ಸೆಂ.ಮೀ. ಕೆಳಗೆ ಇಳಿದಿರುತ್ತದೆ, ನೀರು ದಾಟುವುದಿಲ್ಲ. ರನ್ನರ್ ಮತ್ತು ಕೊಂಡಿಗೆ 4 ಸೆಂ.ಮೀ. ಸೇರಿಸಿದರೆ ಟ್ರ್ಯಾಕಿನ ಅಡಿ ನೆಲದಿಂದ 219 ಸೆಂ.ಮೀ.ಗೆ ಬರುತ್ತದೆ. 200 ಸೆಂ.ಮೀ. ಉದ್ದದ ಪರದೆಗಾದರೆ 206. ಇಲ್ಲಿ ಒಂದು ಎಚ್ಚರ ಬೇಕು: ಬಾಗಿಲಿನ ಹಲಗೆ 210 ಸೆಂ.ಮೀ. ಎತ್ತರವಿದ್ದು ಒಳಕ್ಕೆ ತೆರೆಯುವುದಾದರೆ, 206ರಲ್ಲಿ ಕೂತ ಟ್ರ್ಯಾಕಿಗೆ ಅದು ಹೊಡೆಯಬಹುದು. ತೂತು ಕೊರೆಯುವ ಮೊದಲು ಬಾಗಿಲನ್ನು ಪೂರ್ತಿ ತೆರೆದು ನೋಡಬೇಕು. 180 ಸೆಂ.ಮೀ. ಉದ್ದದ ಪರದೆ ನಮ್ಮ ಬಚ್ಚಲಿಗೆ ಬೇಡ, ಅದು ಟಬ್ ಇರುವವರಿಗೆ.

ಬಕೆಟ್ಟಿನಲ್ಲಿ ನೀರು ತುಂಬಿಸಿ, ಮಣೆಯ ಮೇಲೆ ಕೂತು ಸ್ನಾನ ಮಾಡುವ ಮನೆಗಳಲ್ಲಿ ಈ ಕೆಳ ಅಂಚಿನ ಅಳತೆ ಇನ್ನೂ ಮುಖ್ಯ. ಷವರಿನ ನೀರು ಮೇಲಿಂದ ಪರದೆಗೆ ತಾಗಿ ಜಾರುತ್ತದೆ. ಮಗ್ಗಿನ ನೀರು ನೆಲಕ್ಕೆ ಬಡಿದು ಮೊಣಕಾಲೆತ್ತರಕ್ಕೆ ಎಲ್ಲ ದಿಕ್ಕಿಗೂ ಸಿಡಿಯುತ್ತದೆ.

ಟ್ರ್ಯಾಕೇ ಏಕೆ, ಎಳೆದು ಬಿಗಿಸುವ ಸ್ಪ್ರಿಂಗ್ ರಾಡ್ ಸಾಲದೇ ಎಂದು ಕೇಳಬಹುದು. ಎದುರುಬದುರು ಗೋಡೆಗಳ ನಡುವೆ ನೇರವಾಗಿ ಪರದೆ ಬೇಕಿದ್ದು, ಬಾಡಿಗೆ ಮನೆಯಾಗಿದ್ದರೆ ಸಾಕು. ಅದರ ತೊಂದರೆ ರಬ್ಬರ್ ತುದಿ. ನುಣುಪು ಟೈಲಿನ ಮೇಲೆ ಸೋಪಿನ ಪದರ ಕೂತ ಮೇಲೆ ರಬ್ಬರಿಗೆ ಹಿಡಿತವಿರುವುದಿಲ್ಲ. ಒಂದು ದಿನ ಪರದೆ ಸಮೇತ ಕೆಳಗೆ ಬೀಳುತ್ತದೆ. ತಿಂಗಳಿಗೊಮ್ಮೆ ಇಳಿಸಿ, ರಬ್ಬರನ್ನೂ ಟೈಲನ್ನೂ ಒರೆಸಿ ಮತ್ತೆ ಬಿಗಿಸಿದರೆ ನಿಲ್ಲುತ್ತದೆ. ಬಿಳಿ ಬಣ್ಣದ ಕಬ್ಬಿಣದ ರಾಡ್ ಒಳಗಿನಿಂದ ತುಕ್ಕು ಹಿಡಿಯುವುದರಿಂದ ಹೊರಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಸ್ಟೀಲ್ ಪೈಪಾದರೆ 304 ದರ್ಜೆಯದು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಅಗ್ಗದ 202 ದರ್ಜೆಯಲ್ಲಿ ನಿಕ್ಕೆಲ್ ಕಡಿಮೆ, ಖಾಡಿಯ (ಸಮುದ್ರದ ಹಿನ್ನೀರಿನ) ಉಪ್ಪುಗಾಳಿಗೆ ಕಂದು ಚುಕ್ಕೆ ಏಳುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಪ್ರಯೋಜನವಿಲ್ಲ, 202 ಕೂಡ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಾಗಿಸುವ ಪ್ಲಾಸ್ಟಿಕ್ ಟ್ರ್ಯಾಕ್ ಅಗ್ಗ, ಮೂಲೆ ತಿರುಗಿಸಲು ಸುಲಭ. ಆದರೆ ಅದಕ್ಕೆ ಪ್ರತಿ 25–30 ಸೆಂ.ಮೀ.ಗೆ ಒಂದು ಆಸರೆ ಬೇಕು, ಅಂದರೆ ಚಾವಣಿಯಲ್ಲಿ ಏಳೆಂಟು ತೂತು. ಹಳೆಯ ಕಟ್ಟಡದಲ್ಲಿ ಅದು ಆಗದ ಕೆಲಸ.

ಏಕೆಂದರೆ ಬಚ್ಚಲಲ್ಲಿ ತಲೆಯ ಮೇಲೆ ಕಾಣುವುದು ಮೇಲಿನ ಮನೆಯ ಬಚ್ಚಲಿನ ತಳ. ಎಷ್ಟೋ ಕಡೆ ಅದು ಆಗಲೇ ತೇವ ಹೀರಿರುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಡ್ರಿಲ್ ಇಡಬೇಡಿ. ಪಿಒಪಿ ಅಥವಾ ಪಿವಿಸಿ ಫಾಲ್ಸ್ ಸೀಲಿಂಗ್ ಇದ್ದರೆ ಅದಕ್ಕೂ ಟ್ರ್ಯಾಕ್ ತೂಗುಹಾಕುವಂತಿಲ್ಲ. ಒದ್ದೆ ಪರದೆಯ ಭಾರ ಒಂದೆರಡು ಕಿಲೋ ಅಷ್ಟೇ, ಆದರೆ ಕೈಯಿಂದ ಎಳೆಯುವ ಜಗ್ಗು ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ‘ಎಲ್’ ಟ್ರ್ಯಾಕಿನ ಎರಡು ತುದಿಗಳೂ ಗೋಡೆಗೆ, ಮೂಲೆಗೆ ಮಾತ್ರ ಚಾವಣಿಯಿಂದ ಒಂದು 12 ಮಿ.ಮೀ. ಸ್ಟೀಲ್ ಪೈಪಿನ ಆಸರೆ. ಚಾವಣಿ 270 ಸೆಂ.ಮೀ. ಇದ್ದರೆ ಚಾನೆಲಿನ ದಪ್ಪ ಕಳೆದು ಆ ಪೈಪು ಸುಮಾರು 49 ಸೆಂ.ಮೀ. ಬೇಕಾಗುತ್ತದೆ. ಸ್ಲ್ಯಾಬ್ ನಂಬುವಂತಿಲ್ಲ ಎಂದಾದರೆ ಅಂಥದೇ ಪೈಪನ್ನು ಮೂಲೆಯಿಂದ ಎದುರು ಗೋಡೆಗೆ ಅಡ್ಡ ಕೊಡಿ. 5x5ರ ಬಚ್ಚಲಲ್ಲಿ ಅದಕ್ಕೆ 65 ಸೆಂ.ಮೀ. ಉದ್ದ ಸಾಕು, ತಲೆಗೆ ತಾಗುವ ಎತ್ತರವಲ್ಲ.

ಗೋಡೆಯ ತೂತಿನ ವಿಷಯಕ್ಕೆ ಬರೋಣ. ಮೊದಲು ಒಳಗಿನ ಪೈಪ್ ಎಲ್ಲಿದೆ ನೋಡಿ: ನಲ್ಲಿಯಿಂದ ಷವರಿಗೆ, ಅಲ್ಲಿಂದ ಗೀಸರಿಗೆ ಹೋಗುವ ನೇರ ಗೆರೆಯ ಎರಡೂ ಬದಿ 15 ಸೆಂ.ಮೀ. ಬಿಡಬೇಕು. ಟೈಲಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ. 8 ಮಿ.ಮೀ. ಬಿಟ್‌ನಲ್ಲಿ ಹ್ಯಾಮರ್ ಬಂದ್ ಮಾಡಿ, ನಿಧಾನ ವೇಗದಲ್ಲಿ ಟೈಲ್ ದಾಟಿ. ದಾಟಿದ ಮೇಲೆಯೇ ಹ್ಯಾಮರ್. ಒಟ್ಟು ಆಳ 65–70 ಮಿ.ಮೀ. ಧೂಳನ್ನು ಊದಿ ತೆಗೆದು, ತೂತಿನೊಳಗೆ ಸ್ವಲ್ಪ ಸಿಲಿಕಾನ್ ತುಂಬಿ, 8x40 ಮಿ.ಮೀ. ಗಿಟ್ಟಿ (ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್) ಹಾಕಬೇಕು. ಗಿಟ್ಟಿಯ ಬಾಯಿ ಟೈಲಿನ ಮಟ್ಟಕ್ಕೆ ನಿಲ್ಲಬಾರದು. ಕನಿಷ್ಠ 10 ಮಿ.ಮೀ. ಒಳಕ್ಕೆ ತಳ್ಳಿ. ಸ್ಕ್ರೂ ಬಿಗಿದಂತೆ ಗಿಟ್ಟಿ ಅಗಲವಾಗುತ್ತದೆ. ಅದು ಇಟ್ಟಿಗೆಯೊಳಗೆ ಅಗಲವಾದರೆ ಹಿಡಿತ, ಟೈಲಿನೊಳಗೆ ಅಗಲವಾದರೆ ಬಿರುಕು. ಆ ಬಿರುಕು ಅದೇ ದಿನ ಕಾಣುವುದಿಲ್ಲ, ವಾರದ ನಂತರ ತೂತಿನಿಂದ ಮೂಲೆಗೆ ಕೂದಲೆಳೆಯಂತೆ ಬರುತ್ತದೆ. ಒಳಗೆ ತಳ್ಳಿದ್ದಕ್ಕೆ ತಕ್ಕಂತೆ ಸ್ಕ್ರೂ 10 ನಂಬರಿನದು, 60 ಮಿ.ಮೀ. ಉದ್ದ, 304 ಸ್ಟೀಲಿನದು ಬೇಕು. ಒಂದು ತುದಿಗೆ 2, ಒಟ್ಟು ಗೋಡೆಗೆ 4, ಮೂಲೆಯ ಪೈಪಿಗೆ 3. ಪ್ಯಾಕೆಟ್ಟಿನಲ್ಲಿ ಬಂದ ಹಳದಿ ಲೇಪದ ಸ್ಕ್ರೂ ಎಸೆದುಬಿಡಿ. ಒಳ್ಳೆಯ ಸ್ಕ್ರೂಗಳು ಮುಂಬಯಿಯ ಹಾರ್ಡ್‌ವೇರ್ ಪೇಟೆಯಾದ ನಾಗ್‌ದೇವಿ ಗಲ್ಲಿಯಲ್ಲಿ ಬಿಡಿಯಾಗಿ ಸಿಗುತ್ತವೆ.

ಹೊಸ ಕಟ್ಟಡಗಳಲ್ಲಿ ಗೋಡೆಯ ಜಾತಿಯೇ ಬೇರೆ. ಮಿವಾನ್ ಪದ್ಧತಿಯಲ್ಲಿ ಕಟ್ಟಿದ್ದರೆ ಗೋಡೆ ಪೂರ್ತಿ ಕಾಂಕ್ರೀಟ್, ಮನೆಬಳಕೆಯ ಡ್ರಿಲ್ ಬಿಸಿಯಾಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ರೋಟರಿ ಹ್ಯಾಮರ್ ತರಿಸಬೇಕು. ಸಿಪೊರೆಕ್ಸ್ ಎಂದು ಕರೆಯುವ ಹಗುರ ಬ್ಲಾಕಿನಲ್ಲಿ ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಆದರೆ ಸಾಮಾನ್ಯ ಗಿಟ್ಟಿ ಅಷ್ಟೇ ಸುಲಭವಾಗಿ ಕಿತ್ತು ಬರುತ್ತದೆ. ಅಲ್ಲಿ ಹ್ಯಾಮರ್ ಬೇಡವೇ ಬೇಡ, ಆ ಬ್ಲಾಕಿಗೆಂದೇ ಮಾಡಿದ ಉದ್ದ ನೈಲಾನ್ ಗಿಟ್ಟಿ ಅಥವಾ ಕೆಮಿಕಲ್ ಆಂಕರ್ ಬಳಸಿ.

ಸಿಲಿಕಾನ್ ಕೊಳ್ಳುವಾಗ ‘ನ್ಯೂಟ್ರಲ್’ ಎಂದು ಬರೆದದ್ದೇ ತನ್ನಿ. ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬು ಒಣಗುವಾಗ ಆಮ್ಲ ಬಿಡುತ್ತದೆ, ಅದು ಅಲ್ಯೂಮಿನಿಯಮ್ಮಿಗೂ ಸ್ಕ್ರೂಗೂ ಒಳ್ಳೆಯದಲ್ಲ.

ಚಾನೆಲನ್ನು ಇಂಚಿಗೆ 24 ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ಕತ್ತರಿಸಿದ ಬಾಯಿಯ ಒಳಗೂ ಹೊರಗೂ ಅರ ಹಾಕಬೇಕು. ಒಳಗಿನ ಸಣ್ಣ ಮುಳ್ಳು ನೈಲಾನನ್ನು ಕೆರೆದು, ರನ್ನರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೂಲೆಗೆ ಎರಡು ತುಂಡು 45 ಡಿಗ್ರಿಗೆ ಕತ್ತರಿಸಿ ಜೋಡಿಸುತ್ತೇನೆ ಎನ್ನುವ ಫಿಟ್ಟರಿಗೆ ಬೇಡ ಎನ್ನಿ, ಚೂಪು ಮೂಲೆಯಲ್ಲಿ ರನ್ನರ್ ತಿರುಗುವುದಿಲ್ಲ. ತಯಾರಾಗಿ ಬರುವ ಬಾಗಿದ ತುಂಡೇ ಬೇಕು.

ರನ್ನರ್‌ಗಳ ಬಗ್ಗೆ ಹೆಚ್ಚು ಹೇಳಬೇಕು, ಈ ವಸ್ತುವಿನ ನಿಜವಾದ ದೌರ್ಬಲ್ಯ ಅದು. ಜೊತೆಗೆ ಬಂದದ್ದು ಎರಡು ಪುಟ್ಟ ಚಕ್ರ, ನಡುವೆ ಕಬ್ಬಿಣದ ಅಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲು ಒಣಗುವುದೇ ಇಲ್ಲ. ಅಚ್ಚಿಗೆ ತುಕ್ಕು ಹಿಡಿದು ಚಕ್ರ ನಿಲ್ಲುತ್ತದೆ, ನಿಂತ ಚಕ್ರವನ್ನು ಎಳೆದಾಗ ಪರದೆಯ ಕಣ್ಣು (ಕೊಂಡಿ ಸಿಕ್ಕಿಸುವ ತೂತು) ಹರಿಯುತ್ತದೆ. ಪರದೆ ಬೇಗ ಹರಿಯಿತು ಎಂದು ಬೇಸರಪಡುವವರು ಮೊದಲು ರನ್ನರ್ ನೋಡಬೇಕು. ಚಕ್ರವೇ ಇಲ್ಲದ, ಒಂದೇ ತುಂಡಿನ ನೈಲಾನ್ ಜಾರು ರನ್ನರ್ ಹಾಕಿದ ಮೇಲೆ ಈ ತೊಂದರೆ ಮತ್ತೆ ಬಂದಿಲ್ಲ. 18 ತನ್ನಿ: 16 ಬಳಕೆಗೆ, 2 ಚಾನೆಲಿನೊಳಗೇ ಖಾಲಿ ಬಿಡಲು. ಒಂದು ಮುರಿದರೆ ತುದಿಯ ಮುಚ್ಚಳ ಬಿಚ್ಚದೆ ಕೊಂಡಿ ಬದಲಿಸಬಹುದು. ಬಿಗಿ ಅನ್ನಿಸಿದರೆ ಸಿಲಿಕಾನ್ ಸ್ಪ್ರೇ ಒಂದು ಸಲ. ಕೊಬ್ಬರಿ ಎಣ್ಣೆ ಹಾಕಬೇಡಿ, ಅದಕ್ಕೆ ಧೂಳು ಕೂದಲು ಅಂಟಿ ಒಂದು ತಿಂಗಳಲ್ಲಿ ಮೇಣವಾಗುತ್ತದೆ. ಕೆರೆಗಳಿಂದ ಬರುವ ಮುಂಬಯಿಯ ಪಾಲಿಕೆ ನೀರು ಮೆದು, ಸುಣ್ಣ ಕಟ್ಟುವುದು ಕಡಿಮೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಸೊಸೈಟಿಗಳಲ್ಲಿ ಎರಡು ತಿಂಗಳಿಗೊಮ್ಮೆ ಬಟ್ಟೆಯಿಂದ ಒರೆಸಬೇಕು.

ಪರದೆಯ ಅಗಲ ಟ್ರ್ಯಾಕಿನ ಒಂದೂಕಾಲರಿಂದ ಒಂದೂವರೆ ಪಟ್ಟಾದರೂ ಇರಬೇಕು. 170 ಸೆಂ.ಮೀ. ಟ್ರ್ಯಾಕಿಗೆ 180ರ ಒಂದು ಪರದೆ ಬಿಗಿದ ಹಾಳೆಯಂತೆ ನಿಂತು ಮೈಗೆ ಅಂಟುತ್ತದೆ. 137ರ ಎರಡು ತುಂಡು, ಒಂದೊಂದಕ್ಕೆ 8 ಕಣ್ಣು, ನಡುವೆ 15 ಸೆಂ.ಮೀ. ಒಂದರ ಮೇಲೊಂದು: ಇದು ಸರಿ. ಷವರ್ ಬಿಟ್ಟಾಗ ಪರದೆ ಒಳಕ್ಕೆ ಉಬ್ಬುವುದೇಕೆ ಎಂಬುದಕ್ಕೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಸ್ಮಿಟ್ ಕಂಪ್ಯೂಟರ್ ಲೆಕ್ಕದಿಂದ ಉತ್ತರ ಹುಡುಕಿ 2001ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ) ಪಡೆದರು: ಬೀಳುವ ಹನಿಗಳು ಒಳಗೆ ಗಾಳಿಯ ಸುಳಿ ಎಬ್ಬಿಸುತ್ತವೆ, ಸುಳಿಯ ನಡುವೆ ಒತ್ತಡ ಕಡಿಮೆಯಾಗುತ್ತದೆ. ನಮ್ಮಲ್ಲಿ ಅದರ ಮೇಲೆ ಲೂವರ್ ಕಿಟಕಿಯ ಎಕ್ಸಾಸ್ಟ್ ಫ್ಯಾನ್ ಕೂಡ ಎಳೆಯುತ್ತದೆ. ಸ್ನಾನ ಮುಗಿಯುವವರೆಗೆ ಫ್ಯಾನ್ ಬಂದ್ ಇಡಿ, ಆಮೇಲೆ 20 ನಿಮಿಷ ಓಡಿಸಿ. ಕೆಳ ಅಂಚಿನ ಮಡಿಕೆಗೆ ಪರದೆ ಅಂಗಡಿಯಲ್ಲಿ ಸಿಗುವ ತೂಕದ ಸರ ಸೇರಿಸಬಹುದು. ಅಯಸ್ಕಾಂತದ ಅಂಚು ಕಬ್ಬಿಣದ ಟಬ್ಬಿಗೆ ಮಾಡಿದ್ದು, ಟೈಲಿಗೆ ಹಿಡಿಯುವುದಿಲ್ಲ.

ಸ್ನಾನದ ನಂತರ ಪರದೆಯನ್ನು ಮುದ್ದೆ ಮಾಡಿ ಮೂಲೆಗೆ ತಳ್ಳಿದರೆ ಮಳೆಗಾಲದಲ್ಲಿ ಹತ್ತೇ ದಿನಕ್ಕೆ ಕಪ್ಪು ಬೂಷ್ಟು. ಪೂರ್ತಿ ಹರಡಿಯೇ ಬಿಡಬೇಕು. ನೆಲಕ್ಕೆ ಆ್ಯಸಿಡ್ ಹಾಕಿ ತಿಕ್ಕುವ ದಿನ ಪರದೆ ಎತ್ತಿ ಕಟ್ಟಿ, ಟ್ರ್ಯಾಕಿಗೆ ಹನಿ ಸಿಡಿಯದಂತೆ ನೋಡಿಕೊಳ್ಳಿ: ಆ್ಯಸಿಡ್ ಆನೋಡೈಸ್ ಪದರವನ್ನು ತಿನ್ನುತ್ತದೆ. ಬೂಷ್ಟಿಗೆ ಬ್ಲೀಚ್ ಹಾಕಿದ ದಿನ ಆ್ಯಸಿಡ್ ಮುಟ್ಟಲೇಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಇಷ್ಟು ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಗ್ಯಾಸ್ ಗೀಸರ್ ಬಚ್ಚಲೊಳಗೇ ಇರುವ ಮನೆಯಲ್ಲಿ ಪರದೆಯ ಯೋಚನೆಗೆ ಮೊದಲು ಅದನ್ನು ಹೊರಗೆ ಹಾಕಿಸಿ. ವಯಸ್ಸಾದವರಿದ್ದರೆ ಗೋಡೆಗೆ ಬೇರೆ ಹಿಡಿಕೆ ಬೇಕು. ಜಾರಿದಾಗ ಕೈ ಪರದೆಗೇ ಹೋಗುತ್ತದೆ, ಯಾವ ಟ್ರ್ಯಾಕೂ ಮನುಷ್ಯನ ಭಾರ ಹೊರುವುದಿಲ್ಲ.

ಶೂಟಿಂಗಿನ ವ್ಯಾನಿಟಿ ವ್ಯಾನ್, ಪೋರ್ಟಾ ಕ್ಯಾಬಿನ್‌ಗಳ ಬಚ್ಚಲಿಗೂ ಇದೇ ಚಾನೆಲ್ ಹೊಂದುತ್ತದೆ, ಕೂರಿಸುವ ರೀತಿ ಮಾತ್ರ ಬೇರೆ. ಅಲ್ಲಿನ ಗೋಡೆ ತೆಳು ಫೈಬರ್ ಹಾಳೆ ಅಥವಾ ನಡುವೆ ಫೋಮ್ ತುಂಬಿದ ತಗಡು. ಗಿಟ್ಟಿಗೆ ಹಿಡಿಯಲು ಏನೂ ಇಲ್ಲ. ಹಿಂದೆ ಕೈ ಹೋಗುವ ಕಡೆ 3 ಮಿ.ಮೀ. ಅಲ್ಯೂಮಿನಿಯಂ ತಟ್ಟೆ ಕೊಟ್ಟು ಬೋಲ್ಟು, ನೈಲಾನ್ ಒಳಸುತ್ತಿನ ನಟ್ಟು ಹಾಕಿ. ಕೈ ಹೋಗದ ಕಡೆ ಒಂದೇ ಬದಿಯಿಂದ ಕೂರಿಸುವ ರಿವೆಟ್ ನಟ್ಟು. ಸಾದಾ ನಟ್ಟು ರಸ್ತೆಯ ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ. ಗಾಡಿ ಓಡುವಾಗ ಪರದೆಯನ್ನು ಒಂದು ತುದಿಗೆ ಸರಿಸಿ ಪಟ್ಟಿಯಿಂದ ಕಟ್ಟದಿದ್ದರೆ ರನ್ನರ್‌ಗಳು ದಾರಿಯುದ್ದಕ್ಕೂ ತುದಿಯ ಮುಚ್ಚಳಕ್ಕೆ ಬಡಿದು ಅದನ್ನು ಕಿತ್ತುಹಾಕುತ್ತವೆ. ಗಾಡಿ ಇಳಿಜಾರಿನಲ್ಲಿ ನಿಂತರೆ ಪರದೆ ತಾನಾಗಿ ತೆರೆದುಕೊಳ್ಳುವುದರಿಂದ, ಮುಚ್ಚುವ ತುದಿಯಲ್ಲೂ ಒಂದು ಪ್ರೆಸ್ ಬಟನ್ ಇರಲಿ.