ಪ್ಲಮ್ ವಿಲೇಜ್ ಆ್ಯಪ್: ಕೆಲಸದ ನಡುವೆ ಕೇಳಿಸುವ ಗಂಟೆ

ಧ್ಯಾನ ಕಲಿಸುವ ಮೊಬೈಲ್ ಆ್ಯಪ್‌ಗಳಿಗೆ ಇಂದು ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ನಿದ್ದೆ ಬರಿಸುವ, ಕೆಲಸದ ಒತ್ತಡ ಇಳಿಸುವ ಉದ್ದೇಶಕ್ಕೇ ನಿಂತುಬಿಡುತ್ತವೆ. ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿ, ಅಂದರೆ ಸರಿಯಾದ ಎಚ್ಚರ, ಏಳನೆಯ ಅಂಗ. ಅದರ ಜೊತೆಗೇ ಸಾಗಬೇಕಾದ ಮಾತಿನ, ನಡತೆಯ, ಜೀವನೋಪಾಯದ ಶುದ್ಧಿಯ ಪ್ರಸ್ತಾಪ ಇಂತಹ ಆ್ಯಪ್‌ಗಳಲ್ಲಿ ಅಪರೂಪ. ಪ್ಲಮ್ ವಿಲೇಜ್ ಆ್ಯಪ್ ನನಗೆ ಮೆಚ್ಚುಗೆಯಾದದ್ದು, ಅದು ಧ್ಯಾನವನ್ನು ಬದುಕಿನ ಉಳಿದ ಭಾಗದಿಂದ ಕತ್ತರಿಸಿ ಕೊಡುವುದಿಲ್ಲ ಎಂಬ ಕಾರಣಕ್ಕೆ.

ವಿಯೆಟ್ನಾಮಿನ ಝೆನ್ ಭಿಕ್ಷು ಥಿಕ್ ನಾತ್ ಹಾನ್ ಅವರು ತಮ್ಮ ಸಹವರ್ತಿ ಚಾನ್ ಖಾಂಗ್ ಅವರೊಂದಿಗೆ 1982ರಲ್ಲಿ ನೈಋತ್ಯ ಫ್ರಾನ್ಸಿನಲ್ಲಿ ಕಟ್ಟಿದ ಸಾಧನಾ ಕೇಂದ್ರದ ಹೆಸರೇ ಈ ಆ್ಯಪ್‌ಗೂ ಇದೆ. ಯುದ್ಧದ ನಡುವೆ ಶಾಂತಿಯ ಪರ ಮಾತನಾಡಲು 1966ರಲ್ಲಿ ದೇಶ ಬಿಟ್ಟು ಹೊರಟ ಅವರಿಗೆ ಮತ್ತೆ ತಾಯ್ನಾಡಿನ ನೆಲ ಮೆಟ್ಟಲು ಸಾಧ್ಯವಾದದ್ದು 2005ರಲ್ಲಿ. ಧ್ಯಾನವೂ ಸೇವೆಯೂ ಬೇರೆಯಲ್ಲ ಎಂಬ ಅವರ ನಿಲುವು ಅಂತಹ ಬದುಕಿನಿಂದ ಬಂದದ್ದಾದ್ದರಿಂದ, ಈ ಆ್ಯಪ್‌ನ ಬೋಧನೆಗಳಲ್ಲಿ ಮನೆಯೊಳಗಿನ ಜಗಳ, ಕಚೇರಿಯ ಅಸಮಾಧಾನ, ಸಾವಿನ ದುಃಖ ಇವೆಲ್ಲಕ್ಕೂ ಜಾಗವಿದೆ. ಹಣ ಕಟ್ಟಬೇಕಾಗಿಲ್ಲ, ಜಾಹೀರಾತುಗಳಿಲ್ಲ. ದಾನದ ಮೇಲೆ ನಡೆಯುತ್ತದೆ.

ಇದರಲ್ಲಿ ನಾನು ಅತಿ ಹೆಚ್ಚು ಬಳಸುವ ಸೌಲಭ್ಯವೆಂದರೆ ಎಚ್ಚರದ ಗಂಟೆ. ನಾವು ಗೊತ್ತುಪಡಿಸಿದ ಅಂತರದಲ್ಲಿ ಒಂದು ಗಂಟಾನಾದ ಕೇಳಿಬರುತ್ತದೆ, ಅಷ್ಟೇ. ಆ ಕೇಂದ್ರದಲ್ಲಿ ಗಂಟೆ ಕೇಳಿದೊಡನೆ ಪ್ರತಿಯೊಬ್ಬರೂ ಮಾಡುತ್ತಿರುವ ಕೆಲಸವನ್ನು ನಿಲ್ಲಿಸಿ ಉಸಿರಿನ ಕಡೆ ಮರಳುತ್ತಾರೆ. ಗಡಿಯಾರ ಹೊಡೆದರೂ ಫೋನ್ ರಿಂಗಾದರೂ ಅಲ್ಲಿ ಇದೇ ಕ್ರಮ. ಕೇಳಲು ತೀರ ಸಣ್ಣದೆನಿಸುವ ಈ ಅಭ್ಯಾಸದ ಬೆಲೆ ತಿಳಿಯುವುದು ಅದು ನಮ್ಮನ್ನು ತಪ್ಪು ಮಾಡಹೊರಟ ಹೊತ್ತಿನಲ್ಲಿ ತಡೆದಾಗ. ಸಹೋದ್ಯೋಗಿಯೊಬ್ಬರ ಸಂದೇಶಕ್ಕೆ ಖಾರವಾದ ಉತ್ತರ ಟೈಪ್ ಮಾಡಿ, ಬೆರಳು ಕಳುಹಿಸುವ ಗುಂಡಿಯ ಮೇಲೆ ಬರುವಷ್ಟರಲ್ಲಿ ಗಂಟೆ ಕೇಳಿಸಿತು. ಮೂರು ಉಸಿರು ಮುಗಿಯುವುದರೊಳಗೆ ದವಡೆ ಬಿಗಿದಿರುವುದು, ಭುಜಗಳು ಕಿವಿಯವರೆಗೆ ಏರಿರುವುದು, ಎದೆಯಲ್ಲಿ ಬಿಸಿ ಹರಡಿರುವುದು ಒಂದೊಂದಾಗಿ ಅರಿವಿಗೆ ಬಂದವು. ನನ್ನ ಉತ್ತರದಲ್ಲಿದ್ದ ದೂರು ನ್ಯಾಯವಾದದ್ದೇ ಆಗಿತ್ತು, ಅದನ್ನು ಉಳಿಸಿಕೊಂಡೆ. ಚುಚ್ಚಲೆಂದೇ ಸೇರಿಸಿದ್ದ ಎರಡು ವಾಕ್ಯಗಳನ್ನು ಅಳಿಸಿದೆ.

ಒಂದರಿಂದ ಇನ್ನೊಂದು ಹುಟ್ಟಿ ದುಃಖ ಉಂಟಾಗುವ ಬಗೆಯನ್ನು ಹೇಳುವ ಪ್ರತೀತ್ಯ ಸಮುತ್ಪಾದದ ಹನ್ನೆರಡು ಕೊಂಡಿಗಳಲ್ಲಿ, ವೇದನೆಯಿಂದ (ಹಿತ ಅಹಿತಗಳ ಅನುಭವದಿಂದ) ತೃಷ್ಣೆ ಹುಟ್ಟುತ್ತದೆ ಎನ್ನುವ ಕಡೆಯೇ ಸಾಧಕನಿಗೆ ಕೆಲಸ ಮಾಡಲು ಅವಕಾಶವಿದೆ ಎಂದು ಬೌದ್ಧ ಗುರುಗಳು ಮತ್ತೆ ಮತ್ತೆ ಹೇಳುತ್ತಾರೆ. ಹಿತವೋ ಅಹಿತವೋ ಆದ ಅನುಭವ ಉಂಟಾಗುವುದನ್ನು ತಡೆಯಲಾಗದು, ಆದರೆ ಅದು ಬೇಕು ಬೇಡಗಳ ಸೆಳೆತವಾಗಿ, ಆ ಸೆಳೆತ ಅಂಟಿಕೊಳ್ಳುವಿಕೆಯಾಗಿ, ಕೊನೆಗೆ ಮಾತೋ ಕೃತಿಯೋ ಆಗಿ ಹೊರಬೀಳುವ ಮೊದಲು ಅದನ್ನು ಹಿತವೆಂದೋ ಅಹಿತವೆಂದೋ ಬರಿದೆ ಗುರುತಿಸಲು ಸಾಧ್ಯ. ಫೋನ್ ಕೈಯಲ್ಲಿರುವಾಗ ಈ ಅಂತರ ಕ್ಷಣಾರ್ಧಕ್ಕಿಂತ ಕಿರಿದು, ಏಕೆಂದರೆ ಸಿಟ್ಟು ಬಂದಲ್ಲೇ ಉತ್ತರದ ಪೆಟ್ಟಿಗೆಯೂ ತೆರೆದಿರುತ್ತದೆ. ಗಂಟೆ ಆ ಅಂತರವನ್ನು ಮೂರು ಉಸಿರಿನಷ್ಟು ಹಿಗ್ಗಿಸುತ್ತದೆ, ಉಳಿದದ್ದು ನಮ್ಮ ಪಾಲಿನ ಕೆಲಸ.

ಮಾರ್ಗದರ್ಶಿತ ಧ್ಯಾನಗಳಲ್ಲಿ ಹಲವು, ಉಸಿರಿನ ಮೇಲಿನ ಎಚ್ಚರವನ್ನು ಬೋಧಿಸುವ ಆನಾಪಾನಸತಿ ಸೂತ್ರದ ಹದಿನಾರು ಹಂತಗಳ ಜಾಡಿನಲ್ಲಿ ಸಾಗುತ್ತವೆ: ಮೊದಲು ಉಸಿರು ಮತ್ತು ದೇಹ, ಬಳಿಕ ವೇದನೆ, ಆಮೇಲೆ ಚಿತ್ತ. ಭಿಕ್ಷು ಭಿಕ್ಷುಣಿಯರ ದನಿಯಲ್ಲಿ ಅವಸರವಿಲ್ಲ, ಮಾತುಗಳ ನಡುವೆ ಸಾಕಷ್ಟು ಮೌನವಿದೆ. ಮಲಗಿ ಮಾಡುವ ಆಳವಾದ ವಿಶ್ರಾಂತಿಯ ಅಭ್ಯಾಸಗಳೂ ಚೆನ್ನಾಗಿವೆ.

ಹಿಂದೆ ನಾನು ಬಳಸುತ್ತಿದ್ದ ಬೇರೊಂದು ಆ್ಯಪ್ ಸತತವಾಗಿ ಕುಳಿತ ದಿನಗಳನ್ನು ಎಣಿಸಿ ಪದಕ ಕೊಡುತ್ತಿತ್ತು. ಒಂದು ದಿನ ತಪ್ಪಿದರೆ ಎಣಿಕೆ ಸೊನ್ನೆಗೆ ಇಳಿಯುತ್ತಿದ್ದುದರಿಂದ, ಮೈಯಲ್ಲಿ ಹುಷಾರಿಲ್ಲದ ರಾತ್ರಿಯೂ ಆ ಅಂಕೆಯನ್ನು ಉಳಿಸಿಕೊಳ್ಳಲೆಂದೇ ಕಣ್ಣು ಮುಚ್ಚಿ ಕುಳಿತದ್ದುಂಟು. ತೃಷ್ಣೆಯನ್ನು ಸಡಿಲಿಸಬೇಕಾದ ಸಾಧನೆಯೇ ಅದಕ್ಕೆ ಹೊಸ ಮೇವು ಒದಗಿಸಿದರೆ ಆ ಸಾಧನೆಯಲ್ಲಿ ಏನೋ ಮೂಲಭೂತವಾಗಿ ಕೆಟ್ಟಿದೆ ಎಂದೇ ನನ್ನ ಅಭಿಪ್ರಾಯ. ಪ್ಲಮ್ ವಿಲೇಜ್ ಪರಂಪರೆಯಲ್ಲಿ ಬೌದ್ಧರ ಐದು ನಡತೆಯ ನಿಯಮಗಳಾದ ಪಂಚಶೀಲವನ್ನು ಇಂದಿನ ಬದುಕಿಗೆ ಹೊಂದುವಂತೆ ವಿಸ್ತರಿಸಿಕೊಂಡಿದ್ದಾರೆ. ಅದರ ಐದನೆಯ ಶೀಲ ಮದ್ಯದ ಜೊತೆಗೆ ಮನಸ್ಸಿಗೆ ವಿಷವಾಗುವ ಜಾಲತಾಣಗಳನ್ನೂ ವಿಡಿಯೊ ಆಟಗಳನ್ನೂ ದೂರವಿಡಬೇಕಾದ ವಸ್ತುಗಳ ಸಾಲಿಗೆ ಸೇರಿಸುತ್ತದೆ. ಮೊಬೈಲ್‌ನಲ್ಲಿ ಧರ್ಮ ಹೇಳಲು ಹೊರಟವರಿಗೆ ಈ ಅರಿವು ಇರಲೇಬೇಕು.

ಮಿತಿಗಳೂ ಇವೆ. ದಿನಗಳೆದಂತೆ ಗಂಟೆಯ ನಾದ ಕಿವಿಗೆ ಒಗ್ಗಿಹೋಗಿ, ಕೇಳಿದರೂ ಕೈ ನಿಲ್ಲದ ಸ್ಥಿತಿ ಬರುತ್ತದೆ. ಆಗ ಅಂತರವನ್ನು ಬದಲಿಸಿ ನೋಡಬೇಕು, ಇಲ್ಲವೇ ಸ್ವಲ್ಪ ಕಾಲ ಗಂಟೆಯನ್ನು ಪೂರ್ತಿ ನಿಲ್ಲಿಸಬೇಕು. ಸಭೆಗಳಲ್ಲಿ ಅದು ಇತರರಿಗೆ ತೊಂದರೆ ಕೊಡುತ್ತದೆ. ಇಂಗ್ಲಿಷ್ ಬಾರದವರಿಗೆ ಧ್ಯಾನಗಳನ್ನು ಅನುಸರಿಸುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಬುದ್ಧ, ಧಮ್ಮ, ಸಂಘ ಎಂಬ ಮೂರು ರತ್ನಗಳಲ್ಲಿ ಸಂಘವನ್ನು ಯಾವ ಆ್ಯಪ್ ಕೂಡ ಕೊಡಲಾರದು: ನಮ್ಮ ಮುಖ ನೋಡಿ ತಪ್ಪು ತಿದ್ದುವ ಗುರು, ಜೊತೆಗೆ ಕೂರುವ ಗೆಳೆಯರು ಫೋನಿನಲ್ಲಿ ಸಿಗುವವರಲ್ಲ. ತೀವ್ರ ಖಿನ್ನತೆ ಅಥವಾ ಹಳೆಯ ಆಘಾತದಿಂದ ನರಳುತ್ತಿರುವವರು ವೈದ್ಯರ ಸಲಹೆಯಿಲ್ಲದೆ ದೀರ್ಘ ಧ್ಯಾನಗಳಿಗೆ ಕೈ ಹಾಕದಿರುವುದು ಒಳ್ಳೆಯದು.

ಹೊಸದಾಗಿ ಆರಂಭಿಸುವವರು ದೀರ್ಘ ಪ್ರವಚನಗಳಿಗೆ ಈಗಲೇ ಹೋಗಬೇಕಿಲ್ಲ. ಗಂಟೆಯನ್ನು ತಾಸಿಗೊಮ್ಮೆ ಬರುವಂತೆ ಹೊಂದಿಸಿಕೊಂಡು, ದಿನಕ್ಕೊಂದು ಕಿರು ಧ್ಯಾನವನ್ನು ಕೆಲಸ ಶುರುವಾಗುವ ಮೊದಲೇ ಮಾಡಿದರೆ ಸಾಕು. ಉಳಿದ ಆ್ಯಪ್‌ಗಳ ಸೂಚನೆಗಳನ್ನು ಮಾತ್ರ ಆ ಹೊತ್ತಿಗೆ ತಪ್ಪದೆ ಬಂದ್ ಮಾಡಿಕೊಳ್ಳಬೇಕು.